ಟಿಪ್ಪಣಿ ಸುಟ್ಟರೂ ಉಳಿದ ಊರು

ಚುನಾವಣೆ ಬಂತೆಂದರೆ ಟಿ.ವಿ.ಯಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಮಾತು ‘ವೋಟ್ ಬ್ಯಾಂಕ್’. ಈ ಪದವನ್ನು ಚಲಾವಣೆಗೆ ತಂದವರು ರಾಜಕಾರಣಿಯಲ್ಲ, ಪತ್ರಕರ್ತರೂ ಅಲ್ಲ. ಮೈಸೂರಿನಲ್ಲಿ ಹುಟ್ಟಿ, ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಪಟೇಲರ ಎತ್ತುಗಳನ್ನು ಕಟ್ಟುವ ಮನೆಯಲ್ಲೇ ಬಿಡಾರ ಹೂಡಿ, ಅಲ್ಲಿನ ಜನರ ಬದುಕನ್ನು ಹತ್ತಿರದಿಂದ ಕಂಡ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಆ ಹಳ್ಳಿಯ ಬಗ್ಗೆ 1955ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಈ ಪದ ಬಳಸಿದರು. ಊರಿನ ಪ್ರಭಾವಿ ವ್ಯಕ್ತಿ ತನ್ನ ಹಿಂದಿರುವವರ ಮತಗಳನ್ನು ಅಭ್ಯರ್ಥಿಗೆ ಒಟ್ಟಾಗಿ ಒದಗಿಸುವ ರೀತಿಯನ್ನು ಕಂಡು ಕೊಟ್ಟ ಹೆಸರದು.

ನಾನು ಬಿ.ಇ. ಐದನೇ ಸೆಮಿಸ್ಟರ್ ವಿದ್ಯಾರ್ಥಿ. ಈ ಸಲ ನಮಗೆ ‘ರಿಸರ್ಚ್ ಮೆಥಡಾಲಜಿ’ ಎಂಬ ವಿಷಯವಿದೆ. ಪ್ರಾಥಮಿಕ ದತ್ತಾಂಶ ಎಂದರೇನು, ಮಾದರಿ ಆಯ್ಕೆ ಎಂದರೇನು, ಪ್ರಶ್ನಾವಳಿಯ ಲಕ್ಷಣಗಳೇನು ಎಂದು ಬಾಯಿಪಾಠ ಮಾಡಿದರೆ ಪಾಸಾಗಬಹುದು. ನಮ್ಮಲ್ಲಿ ಬಹುತೇಕರ ಮಟ್ಟಿಗೆ ಅದು ಕ್ರೆಡಿಟ್‌ಗಾಗಿ ಓದುವ ವಿಷಯ ಅಷ್ಟೇ. ಆದರೆ ಇದೇ ವಿಷಯಕ್ಕೆ ಪೂರಕವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದಾಗ ನನ್ನ ಕೈಗೆ ಬಂದದ್ದು ಶ್ರೀನಿವಾಸ್ ಅವರ ‘ದಿ ರಿಮೆಂಬರ್ಡ್ ವಿಲೇಜ್’. ಸಂಶೋಧನಾ ವಿಧಾನ ಎಂಬುದಕ್ಕೆ ಒಂದು ಮುಖ, ಒಂದು ಊರು, ಒಂದು ಬದುಕು ಇರುತ್ತದೆ ಎಂದು ತಿಳಿದದ್ದು ಆಮೇಲೆ.

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಹುಟ್ಟಿದ್ದು 1916ರ ನವೆಂಬರ್ 16ರಂದು. ಅಯ್ಯಂಗಾರ್ ಕುಟುಂಬ. ತಂದೆ ಮಕ್ಕಳ ಓದಿಗಾಗಿ ಪೂರ್ವಜರ ಊರಾದ ಅರಕೆರೆ ಬಿಟ್ಟು ಮೈಸೂರು ಸೇರಿದವರು. ಸಂಸ್ಥಾನದ ವಿದ್ಯುತ್ ಇಲಾಖೆಯಲ್ಲಿ ನೌಕರಿ. ಮನೆ ಇದ್ದದ್ದು ಮೇಲ್ಜಾತಿಯವರು ಹೆಚ್ಚಾಗಿದ್ದ ಬೀದಿಯಲ್ಲಿ. ಆದರೆ ಹಿತ್ತಿಲ ಗೋಡೆ ದಾಟಿದರೆ ಬಂಡಿಕೇರಿ. ಹಳ್ಳಿಗಳಿಂದ ಬಂದು ನೆಲೆಸಿದ ಕುರುಬ ಕುಟುಂಬಗಳ ಕೇರಿ. ಅಲ್ಲಿನ ಊಟ, ಮಾತು, ಜಗಳ, ಹಬ್ಬ ಎಲ್ಲವೂ ಬೇರೆ. ಒಂದೇ ಊರಿನಲ್ಲಿ, ಒಂದು ಗೋಡೆಯ ಆಚೀಚೆ ಎರಡು ಲೋಕ ಇರುತ್ತವೆ ಎಂಬುದನ್ನು ಆ ಹುಡುಗ ಕಂಡದ್ದು ಅಲ್ಲೇ.

ಮೈಸೂರಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದು ಅವರು ಬೊಂಬಾಯಿಗೆ ಹೋದರು. ಅಲ್ಲಿ ಗುರುವಾಗಿ ಸಿಕ್ಕವರು ಜಿ.ಎಸ್. ಘುರ್ಯೆ. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ ಬರೆದ ಎಂ.ಎ. ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಮುಂದೆ ಪಿಎಚ್.ಡಿ.ಗಾಗಿ ಕೊಡಗಿನಲ್ಲಿ ಕ್ಷೇತ್ರಕಾರ್ಯ ಮಾಡಿದರು. ಎರಡು ಸಂಪುಟಗಳ ದೊಡ್ಡ ಪ್ರಬಂಧ ಸಿದ್ಧವಾಯಿತು. 1944ರಲ್ಲಿ ಡಾಕ್ಟರೇಟ್ ಕೂಡ ಬಂತು.

ನಮ್ಮಂಥವರಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದೆವು. ಶ್ರೀನಿವಾಸ್ 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್ ಬ್ರೌನ್ ಅವರ ಮಾರ್ಗದರ್ಶನದಲ್ಲಿ ಅದೇ ಕೊಡಗಿನ ಮಾಹಿತಿಯನ್ನು ಹೊಸದಾಗಿ ಬಿಡಿಸಲು ಕುಳಿತರು. ಮೊದಲ ಪ್ರಬಂಧದಲ್ಲಿ ಆಚರಣೆಗಳ ವಿವರ ರಾಶಿ ರಾಶಿ ಇತ್ತು. ಈಗ ಕೇಳಿಕೊಂಡ ಪ್ರಶ್ನೆ ಬೇರೆ: ಈ ಆಚರಣೆಗಳಿಗೂ ಒಕ್ಕ, ಊರು, ಜಾತಿ ಎಂಬ ವ್ಯವಸ್ಥೆಗೂ ಏನು ಸಂಬಂಧ? ಮಾಹಿತಿ ಅದೇ, ಪ್ರಶ್ನೆ ಹೊಸದು. ಫಲವಾಗಿ ಬಂದದ್ದು ಎರಡನೇ ಡಾಕ್ಟರೇಟ್, ಮತ್ತು 1952ರಲ್ಲಿ ಆಕ್ಸ್‌ಫರ್ಡ್‌ನಿಂದಲೇ ಪ್ರಕಟವಾದ, ಕೊಡವರ ಧರ್ಮ ಮತ್ತು ಸಮಾಜ ಕುರಿತ ಹೆಸರಾಂತ ಪುಸ್ತಕ. ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಜಗತ್ತಿಗೆ ಪರಿಚಯವಾದದ್ದು ಇದರಿಂದಲೇ. ಕೆಳಗಿನ ಸ್ಥಾನದಲ್ಲಿರುವ ಜಾತಿಯೊಂದು ಮೇಲಿನವರ ಆಹಾರ, ಆಚಾರ, ಪೂಜಾಪದ್ಧತಿಗಳನ್ನು ತನ್ನದಾಗಿಸಿಕೊಂಡು, ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳುವ ಪ್ರಕ್ರಿಯೆ ಅದು. ಇದರಿಂದ ಒಂದು ಜಾತಿಯ ಸ್ಥಾನ ಬದಲಾಗಬಹುದು, ಆದರೆ ಏಣಿ ಹಾಗೇ ಉಳಿಯುತ್ತದೆ ಎಂಬುದನ್ನೂ ಅವರು ಸ್ಪಷ್ಟಪಡಿಸಿದ್ದರು.

ಆಕ್ಸ್‌ಫರ್ಡ್ ಅವರಿಗೆ ಅಧ್ಯಾಪಕ ಹುದ್ದೆಯನ್ನೂ ಕೊಟ್ಟಿತು, ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆಂದು ಬಿಟ್ಟೂ ಕೊಟ್ಟಿತು. 1948ರಲ್ಲಿ ಶ್ರೀನಿವಾಸ್ ಬಂದಿಳಿದದ್ದು ಮೈಸೂರಿಗೆ ಹೆಚ್ಚು ದೂರವಲ್ಲದ ಕೊಡಗಹಳ್ಳಿಗೆ. ಪುಸ್ತಕದಲ್ಲಿ ಅದರ ಹೆಸರು ರಾಂಪುರ. ಸುಮಾರು 1,500 ಜನರ, ಭತ್ತ ಬೆಳೆಯುವ, ಹಲವು ಜಾತಿಗಳ ಊರು. ಆಕ್ಸ್‌ಫರ್ಡ್ ಅಧ್ಯಾಪಕರ ವಾಸ ಎತ್ತಿನ ಮನೆಯಲ್ಲಿ. ಬೆಳಗಾದರೆ ಜಗಲಿಯ ಮೇಲೆ ಜನ. ಅವರು ಊರನ್ನು ನೋಡಿದಷ್ಟೇ ಊರು ಅವರನ್ನು ನೋಡುತ್ತಿತ್ತು. ಬ್ರಾಹ್ಮಣನಾದವನು ಹೇಗಿರಬೇಕು, ಯಾವಾಗ ಸ್ನಾನ ಮಾಡಬೇಕು, ಎಲ್ಲಿಗೆ ಹೋಗಬಾರದು ಎಂಬುದರಲ್ಲಿ ಅವರಿಗಿಂತ ಊರವರೇ ಕಟ್ಟುನಿಟ್ಟು.

ನಮ್ಮ ಸಿಲೆಬಸ್ಸಿನಲ್ಲಿ ‘ಸಹಭಾಗಿ ಅವಲೋಕನ’ ಎಂದು ಒಂದು ಸಾಲಿದೆ. ಅದರ ಅರ್ಥ ಇಷ್ಟೇ: ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡು ಹೊರಡುವುದಲ್ಲ, ಜನರ ನಡುವೆ ಇದ್ದು, ಅವರು ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರವನ್ನು ಗಮನಿಸುವುದು. ಊರಿನ ಜಗಳಗಳು ಶ್ರೀನಿವಾಸ್ ಅವರಿಗೆ ದೊಡ್ಡ ಪಾಠಶಾಲೆಯಾದವು. ಒಂದು ಕೂಡುಕುಟುಂಬದ ವ್ಯಾಜ್ಯ, ಅಗಸರ ಜಾತಿಯೊಳಗಿನ ತಕರಾರು ಇಂಥವುಗಳ ಮೇಲೆಯೇ ಅವರು ಪ್ರತ್ಯೇಕ ಲೇಖನಗಳನ್ನು ಬರೆದರು. ಎಲ್ಲ ಸುಸೂತ್ರವಾಗಿದ್ದಾಗ ಯಾರೂ ನಿಯಮದ ಮಾತಾಡುವುದಿಲ್ಲ. ಜಗಳ ಬಿದ್ದಾಗ ಯಾರು ಯಾರ ಮಾತು ಕೇಳುತ್ತಾರೆ, ಯಾರ ಬೆನ್ನಿಗೆ ಯಾರಿದ್ದಾರೆ ಎಂಬುದು ಬಯಲಾಗುತ್ತದೆ. ಯಂತ್ರ ಕೆಟ್ಟು ನಿಂತಾಗಲೇ ಅದರ ಒಳಗು ನಮಗೆ ಅರ್ಥವಾಗುವ ಹಾಗೆ.

ಶಾಸ್ತ್ರಗ್ರಂಥ ಓದಿದವರಿಗೆ ಜಾತಿ ಎಂದರೆ ನಾಲ್ಕು ವರ್ಣಗಳ ನೇರ ಮೆಟ್ಟಿಲು. ರಾಂಪುರದಲ್ಲಿ ಕಂಡದ್ದು ಹಾಗಿರಲಿಲ್ಲ. ನಡುವಿನ ಜಾತಿಗಳಲ್ಲಿ ಯಾರು ಮೇಲು, ಯಾರು ಕೆಳಗು ಎಂಬುದೇ ವಾದದ ವಸ್ತು. ಭೂಮಿ, ಜನಬಲ, ರಾಜಕೀಯ ಹಿಡಿತ ಇದ್ದ ಒಕ್ಕಲಿಗರ ಮಾತು ಊರಲ್ಲಿ ನಡೆಯುತ್ತಿತ್ತು. ಇದರಿಂದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ರೂಪುಗೊಂಡಿತು. ಪುಸ್ತಕದಿಂದ ಕಾಣುವ ಸಮಾಜ ಬೇರೆ, ಕ್ಷೇತ್ರದಲ್ಲಿ ಕಾಣುವ ಸಮಾಜ ಬೇರೆ ಎಂಬುದನ್ನು ಅವರು ಜೀವನವಿಡೀ ಹೇಳುತ್ತಾ ಬಂದರು.

1951ರಲ್ಲಿ ಆಕ್ಸ್‌ಫರ್ಡ್ ಬಿಟ್ಟು ಬರೋಡಾಕ್ಕೆ ಬಂದು ಹೊಸ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. 1959ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋಗಿ ಅಲ್ಲೂ ವಿಭಾಗ ಬೆಳೆಸಿದರು. ವಿದ್ಯಾರ್ಥಿಗಳನ್ನು ಹಳ್ಳಿಗೆ, ಕಾರ್ಖಾನೆಗೆ, ಬೀದಿಗೆ ಕಳಿಸುವ ಪರಂಪರೆ ಅಲ್ಲಿ ಗಟ್ಟಿಯಾಯಿತು. ಈ ನಡುವೆ ರಾಂಪುರದ ಬಗ್ಗೆ ಸಮಗ್ರ ಪುಸ್ತಕ ಬರೆಯುವ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು. ಟಿಪ್ಪಣಿಗಳನ್ನು ವಿಂಗಡಿಸಿ, ಸಂಸ್ಕರಿಸಿ ಇಡುವುದರಲ್ಲೇ 18 ವರ್ಷ ಕಳೆದವು. ಕೊನೆಗೆ ಬರೆದೇ ಮುಗಿಸಬೇಕೆಂದು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಅಧ್ಯಯನ ಕೇಂದ್ರಕ್ಕೆ ಹೋದರು.

ಅದು ವಿಯೆಟ್ನಾಂ ಯುದ್ಧದ ವಿರುದ್ಧ ಅಲ್ಲಿನ ಕ್ಯಾಂಪಸ್‌ಗಳು ಕುದಿಯುತ್ತಿದ್ದ ಕಾಲ. ಏಪ್ರಿಲ್ 24ರಂದು ಕಿಡಿಗೇಡಿಗಳು ಕೇಂದ್ರಕ್ಕೆ ಬೆಂಕಿ ಇಟ್ಟರು. ಅವರಿಗೆ ರಾಂಪುರ ಎಲ್ಲಿದೆ ಎಂಬುದೂ ಗೊತ್ತಿರಲಿಕ್ಕಿಲ್ಲ. ಶ್ರೀನಿವಾಸ್ ಅವರ ಕೊಠಡಿಯೂ ಬೆಂಕಿಗೆ ಸಿಕ್ಕಿತು. ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಅಲ್ಲೇ ಇದ್ದವು, ಮೂರೂ ಹೋದವು.

ಇದನ್ನು ಹೇಳಿದಾಗ ಕಂಪ್ಯೂಟರ್ ಸೈನ್ಸ್ ಗೆಳೆಯನೊಬ್ಬ, ಮೂರು ಪ್ರತಿಗಳೂ ಒಂದೇ ಕೋಣೆಯಲ್ಲಿದ್ದರೆ ಅದು ಬ್ಯಾಕಪ್ ಅಲ್ಲ ಎಂದ. ಅವನ ಮಾತು ಸರಿಯೇ. ಆದರೆ ಮುಂದಿನದು ಕ್ಲೌಡ್‌ನಲ್ಲಿ ಸಿಗುವಂಥದ್ದಲ್ಲ. ಶಿಕಾಗೊದ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್, ನೆನಪಿನಿಂದಲೇ ಪುಸ್ತಕ ಬರೆಯುವಂತೆ ಅವರಿಗೆ ಸಲಹೆ ಕೊಟ್ಟರು. ಬರೆಯಲು ತೊಡಗಿದಾಗ ಪಟೇಲರ ನಡಿಗೆ, ಗದ್ದೆಯ ಕೆಲಸ, ಹೆಂಗಸರು ಗಂಡಸರ ದಿನಚರಿ, ಸಾಲ, ಸ್ನೇಹ, ಹಗೆತನ ಎಲ್ಲವೂ ಬಹುಪಾಲು ನೆನಪಿನಿಂದಲೇ ಎದ್ದು ಬಂದವು. ಆರು ವರ್ಷಗಳ ನಂತರ, 1976ರಲ್ಲಿ ಪುಸ್ತಕ ಹೊರಬಂತು. ಕೋಷ್ಟಕಗಳು ಕಡಿಮೆ, ಮನುಷ್ಯರು ಜಾಸ್ತಿ. ಟಿಪ್ಪಣಿಗಳು ಉಳಿದಿದ್ದರೆ ಬಹುಶಃ ಇದಕ್ಕಿಂತ ಒಣ ಪುಸ್ತಕ ಬರುತ್ತಿತ್ತೇನೋ ಎಂದು ನನಗನಿಸಿದೆ. ಅಂದು ಊರಲ್ಲಿದ್ದಾಗ ಕೊಟ್ಟ ಗಮನವೇ ಅವರ ನಿಜವಾದ ದತ್ತಾಂಶವಾಗಿತ್ತು.

ಇಷ್ಟೆಲ್ಲ ಮೆಚ್ಚಿದರೂ ಆ ಪುಸ್ತಕವನ್ನು ನಾನು ನೆಮ್ಮದಿಯಿಂದ ಓದಲಾಗಲಿಲ್ಲ. ನನ್ನ ತಾತನ ಮನೆ ಇರುವುದು ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ, ಊರಾಚೆಯ ಕೇರಿಯಲ್ಲಿ. ಗೊತ್ತಿಲ್ಲದೆಯೇ ಪುಟಪುಟದಲ್ಲೂ ಆ ಕೇರಿಯನ್ನು ಹುಡುಕುತ್ತಿದ್ದೆ. ಪಟೇಲರ ಜಗಲಿ ಕಂಡಷ್ಟು ನಿಚ್ಚಳವಾಗಿ ಅದು ಕಾಣಲಿಲ್ಲ. ಪಟೇಲರ ಆಶ್ರಯದಲ್ಲಿ, ಬ್ರಾಹ್ಮಣರಾಗಿ ಇದ್ದ ಅವರಿಗೆ ದಲಿತರ ಕೇರಿಯ ದಾರಿ ಅಷ್ಟು ಸಲೀಸಾಗಿ ತೆರೆದಿರಲಿಲ್ಲ. ತಮ್ಮದು ಮೇಲ್ಜಾತಿಯ ಕಡೆಯಿಂದ ಕಂಡ ಊರು ಎಂಬುದನ್ನು ಶ್ರೀನಿವಾಸ್ ಪುಸ್ತಕದಲ್ಲೇ ಮುಚ್ಚಿಡದೆ ಹೇಳಿದ್ದಾರೆ. ವಿಮರ್ಶಕರೂ ಅದನ್ನೇ ಎತ್ತಿ ತೋರಿಸಿದ್ದಾರೆ. ಹೇಳಿದ್ದು ದೊಡ್ಡತನ. ಆದರೆ ಹೇಳಿದ ಮಾತ್ರಕ್ಕೆ ಕಾಣದಿದ್ದ ಬೀದಿ ಕಾಣುವುದಿಲ್ಲ. ಅದನ್ನು ಬರೆಯಬೇಕಾದವರು ಆ ಬೀದಿಯಿಂದ ಓದಿ ಬಂದ ನಾವು.

1972ರಲ್ಲಿ ವಿ.ಕೆ.ಆರ್.ವಿ. ರಾವ್ ಅವರೊಂದಿಗೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು (ಐಸೆಕ್) ಕಟ್ಟಲು ಶ್ರೀನಿವಾಸ್ ಕರ್ನಾಟಕಕ್ಕೆ ಮರಳಿದರು. 1977ರಲ್ಲಿ ಪದ್ಮಭೂಷಣ ಬಂತು. 1979ರಲ್ಲಿ ಎ.ಎಂ. ಷಾ ಮತ್ತು ಇ.ಎ. ರಾಮಸ್ವಾಮಿ ಅವರ ಜೊತೆ ‘ದಿ ಫೀಲ್ಡ್‌ವರ್ಕರ್ ಅಂಡ್ ದಿ ಫೀಲ್ಡ್’ ಎಂಬ ಪುಸ್ತಕ ಸಂಪಾದಿಸಿದರು. ಕ್ಷೇತ್ರದಲ್ಲಿ ದುಡಿದವರು ತಮಗೆ ಎದುರಾದ ಕಷ್ಟಗಳನ್ನೇ ಬರೆದ ಪುಸ್ತಕವದು. ವ್ಯಾಖ್ಯೆಗಳಿಂದ ಬೇಸತ್ತ ನಮ್ಮಂಥವರಿಗೆ ಒಳ್ಳೆಯ ಔಷಧಿ. ಕೊನೆಯ ವರ್ಷಗಳಲ್ಲಿ ಅವರು ಕೆಲಸ ಮಾಡಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ, ಅಂದರೆ ವಿಜ್ಞಾನಿ, ಎಂಜಿನಿಯರುಗಳ ನೆರೆಹೊರೆಯಲ್ಲಿ. 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 83 ವರ್ಷ.

ನಮ್ಮ ನಾಲ್ವರ ತಂಡದ ಮಿನಿ ಪ್ರಾಜೆಕ್ಟ್ ಪಂಪ್‌ಸೆಟ್ ನಿಯಂತ್ರಿಸುವ ಸಣ್ಣ ಸಾಧನ. ರೈತರ ಅಗತ್ಯ ತಿಳಿಯಲು ಗೂಗಲ್ ಫಾರ್ಮ್ ಕಳಿಸಿದರೆ ಸಾಕು, 50 ಉತ್ತರ ಬಂದರೆ ಗ್ರಾಫ್ ಹಾಕಬಹುದು ಎಂಬುದು ತಂಡದ ಲೆಕ್ಕಾಚಾರ. ಫಾರ್ಮ್ ತಲುಪುವುದು ಸ್ಮಾರ್ಟ್‌ಫೋನ್ ಇದ್ದವರಿಗೆ, ಪ್ರಶ್ನೆ ಅನ್ವಯಿಸುವುದು ಪಂಪ್ ಇದ್ದವರಿಗೆ. ರಾತ್ರಿ ಕರೆಂಟ್ ಬಂದಾಗ ಎದ್ದು ಹೋಗಿ ಬೇರೆಯವರ ಗದ್ದೆಗೆ ನೀರು ತಿರುಗಿಸುವ ಕೂಲಿಯಾಳು ಆ ಗ್ರಾಫಿನಲ್ಲಿ ಎಲ್ಲೂ ಇರುವುದಿಲ್ಲ. ನಮ್ಮ ಸಾಧನ ಗೆದ್ದರೆ ಮೊದಲು ಕೆಲಸ ಹೋಗುವುದು ಬಹುಶಃ ಅವರದೇ. ಎರಡು ಭಾನುವಾರ ಹಳ್ಳಿಯಲ್ಲಿ ಕಳೆಯೋಣ, ಜಮೀನು ಇರುವವರ ಜಗಲಿಯಲ್ಲೂ ಇಲ್ಲದವರ ಕೇರಿಯಲ್ಲೂ ಕೂರೋಣ ಎಂದು ಕೇಳಿದ್ದೇನೆ. ಒಬ್ಬಳು ಒಪ್ಪಿದ್ದಾಳೆ. ಇಬ್ಬರಿಗೆ ಪ್ಲೇಸ್‌ಮೆಂಟ್ ತಯಾರಿಯ ಚಿಂತೆ. ಅದೂ ಸುಳ್ಳು ಚಿಂತೆಯೇನಲ್ಲ.

ಉದ್ಯೋಗ ಹುಡುಕುತ್ತಿರುವ ಗೆಳೆಯರೇ, ಸಮಾಜಶಾಸ್ತ್ರ ಓದಿದವರಿಗಷ್ಟೇ ಈ ಬದುಕು ಬೇಕಾದದ್ದಲ್ಲ. ನಾಳೆ ನಾವು ಬರೆಯುವ ಆ್ಯಪ್, ಹಾಕುವ ರಸ್ತೆ, ಮಂಡಿಸುವ ವರದಿ ಎಲ್ಲವೂ ಯಾರದೋ ಊರಿಗೆ ಹೋಗುವಂಥವು. ಆ ಊರಿಗೆ ನಮಗಿಂತ ಮೊದಲು ಹೋಗಿ, ಎತ್ತಿನ ಮನೆಯಲ್ಲಿ ಉಳಿದು, ಕೇಳಿಸಿಕೊಳ್ಳುವುದೂ ಒಂದು ವಿದ್ಯೆ ಎಂದು ತೋರಿಸಿದವರು ನಮ್ಮದೇ ನಾಡಿನವರು. ಗ್ರಂಥಾಲಯದಲ್ಲಿ ಅವರ ಪುಸ್ತಕ ಸಿಕ್ಕರೆ ಕೈಗೆತ್ತಿಕೊಳ್ಳಿ. ಓದುವಾಗ ನಿಮ್ಮ ಬೀದಿ ಅದರಲ್ಲಿದೆಯೇ ಎಂದೂ ಹುಡುಕಿ.