ತಾರೆಗಳ ಬೆಳಕಿಗೆ ಅಳತೆಗೋಲು ಕೊಟ್ಟ ಮದರಾಸಿನ ಖಗೋಳಜ್ಞ

ಮೋಡವಿಲ್ಲದ ರಾತ್ರಿ ಮನೆಯ ಮಹಡಿಯ ಮೇಲೆ ನಿಂತು ತಲೆಯೆತ್ತಿದರೆ ಮೊದಲು ಕಣ್ಣಿಗೆ ಬೀಳುವುದು ನಕ್ಷತ್ರಗಳ ಆಕಾರವಲ್ಲ, ಅವುಗಳ ಬೆಳಕಿನಲ್ಲಿರುವ ಹೆಚ್ಚು ಕಡಿಮೆ. ಲುಬ್ಧಕ ಥಳಥಳಿಸುತ್ತದೆ, ಧ್ರುವತಾರೆ ಸೌಮ್ಯವಾಗಿ ಮಿನುಗುತ್ತದೆ, ಸಪ್ತರ್ಷಿಮಂಡಲದ ವಸಿಷ್ಠನ ಪಕ್ಕದಲ್ಲಿರುವ ಅರುಂಧತಿಯನ್ನು ಕಾಣಲು ಕಣ್ಣು ಕಿರಿದಾಗಿಸಬೇಕು. ಈ ತಾರತಮ್ಯವನ್ನು ಸಂಖ್ಯೆಯಲ್ಲಿ ಹೇಳುವುದು ಹೇಗೆ? ಇಂದು ಜಗತ್ತಿನ ಎಲ್ಲ ನಕ್ಷತ್ರ ಪಟಗಳೂ ಬಳಸುವ ಆ ಅಳತೆಗೋಲನ್ನು ರೂಪಿಸಿದವರು ನಾರ್ಮನ್ ರಾಬರ್ಟ್ ಪಾಗ್ಸನ್. ಬದುಕಿನ ಕೊನೆಯ ಮೂವತ್ತು ವರ್ಷಗಳನ್ನು ಅವರು ಕಳೆದದ್ದು ನೆರೆಯ ಮದರಾಸಿನಲ್ಲಿ.

ಪಾಗ್ಸನ್ ಹುಟ್ಟಿದ್ದು 1829ರ ಮಾರ್ಚ್ 23ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ. ತಂದೆ ಕಾಲುಚೀಲ ತಯಾರಿಕೆಯ ಉದ್ಯಮಿ. ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟ ಹುಡುಗನಿಗೆ ವಿಶ್ವವಿದ್ಯಾಲಯದ ಪದವಿ ದೊರೆಯಲಿಲ್ಲ. ಆದರೆ ಗಣಿತದಲ್ಲಿ ಅಸಾಧಾರಣ ಆಸಕ್ತಿ ಇತ್ತು. ಹದಿನೆಂಟರ ಪ್ರಾಯದಲ್ಲಿಯೇ, ಖಗೋಳಜ್ಞ ಜಾನ್ ರಸೆಲ್ ಹಿಂಡ್ ಅವರ ಮಾರ್ಗದರ್ಶನದಲ್ಲಿ, ಎರಡು ಧೂಮಕೇತುಗಳ ಕಕ್ಷೆಯನ್ನು ಲೆಕ್ಕ ಹಾಕಿದರು. ಲಂಡನ್ನಿನ ಖಾಸಗಿ ವೀಕ್ಷಣಾಲಯವೊಂದರಲ್ಲಿ ಕೆಲಸ ಕಲಿತು, 1852ರಲ್ಲಿ ಆಕ್ಸ್‌ಫರ್ಡಿನ ರಾಡ್‌ಕ್ಲಿಫ್ ವೀಕ್ಷಣಾಲಯಕ್ಕೆ ಸಹಾಯಕರಾಗಿ ಸೇರಿದರು.

ಆ ಕಾಲದ ಖಗೋಳಜ್ಞರಿಗೆ ಕ್ಷುದ್ರಗ್ರಹಗಳ ಹುಡುಕಾಟ ದೊಡ್ಡ ಸೆಳೆತವಾಗಿತ್ತು. ಅದಕ್ಕೆ ಬೇಕಾದದ್ದು ದೂರದರ್ಶಕದಷ್ಟೇ ಮುಖ್ಯವಾಗಿ ನಂಬಿಕೆಗೆ ಯೋಗ್ಯವಾದ ನಕ್ಷತ್ರ ಪಟ. ಪಟದಲ್ಲಿರುವ ಚುಕ್ಕಿಗಳನ್ನು ಆಕಾಶದೊಂದಿಗೆ ಒಂದೊಂದಾಗಿ ತಾಳೆ ನೋಡಬೇಕು. ಪಟದಲ್ಲಿಲ್ಲದ ಚುಕ್ಕಿಯೊಂದು ಕಂಡು, ಮರುದಿನ ಅದು ಸ್ವಲ್ಪ ಸರಿದಿದ್ದರೆ ಅದು ನಕ್ಷತ್ರವಲ್ಲ, ಸೂರ್ಯನನ್ನು ಸುತ್ತುವ ಕಾಯ. ಹೀಗೆ 1856ರ ಮೇ 23ರಂದು ಪಾಗ್ಸನ್ ತಮ್ಮ ಮೊದಲ ಕ್ಷುದ್ರಗ್ರಹವನ್ನು ಕಂಡರು. ಅದಕ್ಕೆ ಅವರ ಮೂರು ವರ್ಷದ ಮಗಳ ಹೆಸರನ್ನೇ ಇಡಲಾಯಿತು: ಐಸಿಸ್.

ಅದೇ ವರ್ಷ ಕ್ಷುದ್ರಗ್ರಹಗಳ ಬೆಳಕನ್ನು ಮುಂಚಿತವಾಗಿ ಲೆಕ್ಕ ಹಾಕುವ ಒಂದು ಪುಟ್ಟ ಲೇಖನವನ್ನು ಅವರು ಬರೆದರು. ಅವರ ಹೆಸರನ್ನು ಶಾಶ್ವತಗೊಳಿಸಿದ್ದು ಈ ಲೇಖನವೇ. ನಕ್ಷತ್ರಗಳನ್ನು ಕಾಂತಿಗೆ ಅನುಗುಣವಾಗಿ ಆರು ದರ್ಜೆಗಳಲ್ಲಿ ವಿಂಗಡಿಸುವ ಪದ್ಧತಿ ಪ್ರಾಚೀನ ಗ್ರೀಕರಿಂದ ಬಂದದ್ದು. ಕ್ರಿಸ್ತಶಕ ಎರಡನೆಯ ಶತಮಾನದ ಟಾಲೆಮಿ 48 ನಕ್ಷತ್ರಪುಂಜಗಳ ಸಾವಿರಕ್ಕೂ ಹೆಚ್ಚು ತಾರೆಗಳನ್ನು ಪಟ್ಟಿ ಮಾಡಿದಾಗ ಅತ್ಯಂತ ಪ್ರಕಾಶಮಾನವಾದವುಗಳಿಗೆ ಒಂದನೆಯ ದರ್ಜೆ, ಬರಿಗಣ್ಣಿಗೆ ಕಷ್ಟದಿಂದ ಕಾಣುವವುಗಳಿಗೆ ಆರನೆಯ ದರ್ಜೆ ಎಂದು ನಮೂದಿಸಿದ್ದನು. ಆದರೆ ಒಂದು ದರ್ಜೆಗೂ ಇನ್ನೊಂದಕ್ಕೂ ಇರುವ ಅಂತರ ಎಷ್ಟು ಎಂಬುದರಲ್ಲಿ ಹತ್ತೊಂಬತ್ತನೆಯ ಶತಮಾನದ ವೀಕ್ಷಕರಿಗೂ ಒಮ್ಮತವಿರಲಿಲ್ಲ. ಒಬ್ಬರ ಎಂಟನೆಯ ದರ್ಜೆ ಮತ್ತೊಬ್ಬರಿಗೆ ಒಂಬತ್ತನೆಯದಾಗುತ್ತಿತ್ತು.

ಒಂದನೆಯ ದರ್ಜೆಯ ತಾರೆ ಆರನೆಯ ದರ್ಜೆಯದಕ್ಕಿಂತ ಸುಮಾರು 100 ಪಟ್ಟು ಹೆಚ್ಚು ಬೆಳಗುತ್ತದೆ ಎಂಬುದು ಅಷ್ಟರಲ್ಲಿ ತಿಳಿದಿತ್ತು. ಹಾಗಿದ್ದರೆ ಐದು ದರ್ಜೆಗಳ ಅಂತರವನ್ನು ಸರಿಯಾಗಿ 100 ಪಟ್ಟು ಎಂದೇ ಇಟ್ಟುಕೊಳ್ಳಬಾರದೇಕೆ ಎಂಬುದು ಪಾಗ್ಸನ್ ಅವರ ಸಲಹೆಯ ತಿರುಳು. ಆಗ ಪ್ರತಿ ದರ್ಜೆಗೂ ಅನುಪಾತ 2.512 ಆಗುತ್ತದೆ. ಈ ಸಂಖ್ಯೆಯ ಲಾಗರಿದಮ್ 0.4 ಆದ್ದರಿಂದ ಲೆಕ್ಕವೂ ಸುಲಭ. ಈ ಮಾಪನದಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಕಾಂತಿ ಹೆಚ್ಚು. ಧ್ರುವತಾರೆಯ ಕಾಂತಿಮಾನ ಸುಮಾರು 2, ಅಭಿಜಿತ್ ನಕ್ಷತ್ರದ್ದು ಹೆಚ್ಚುಕಡಿಮೆ ಸೊನ್ನೆ. ಲುಬ್ಧಕ ಸೊನ್ನೆಯನ್ನೂ ದಾಟಿ ಋಣ 1.46ಕ್ಕೆ ನಿಲ್ಲುತ್ತದೆ, ಎಂದರೆ ನಮ್ಮ ಕಣ್ಣಿಗೆ ಅದು ಧ್ರುವತಾರೆಗಿಂತ ಸುಮಾರು 24 ಪಟ್ಟು ಪ್ರಕಾಶಮಾನ. ಹುಣ್ಣಿಮೆಯ ಚಂದ್ರ ಋಣ 12.7, ಸೂರ್ಯ ಋಣ 26.7. ಈ ಹದಿನಾಲ್ಕು ದರ್ಜೆಗಳ ವ್ಯತ್ಯಾಸವೆಂದರೆ ಸುಮಾರು 4 ಲಕ್ಷ ಪಟ್ಟು ಬೆಳಕು!

1860ರಲ್ಲಿ ಪಾಗ್ಸನ್ ಮದರಾಸಿನ ಸರ್ಕಾರಿ ಖಗೋಳಜ್ಞರಾಗಿ ನೇಮಕಗೊಂಡು, ಮರುವರ್ಷದ ಆರಂಭದಲ್ಲಿ ನುಂಗಂಬಾಕಂ ವೀಕ್ಷಣಾಲಯಕ್ಕೆ ಬಂದರು. 1861ರ ಏಪ್ರಿಲ್ 17ರಂದೇ ಅವರಿಗೆ ಹೊಸ ಕ್ಷುದ್ರಗ್ರಹವೊಂದು ಸಿಕ್ಕಿತು. ಏಷ್ಯಾ ಖಂಡದ ನೆಲದಿಂದ ಪತ್ತೆಯಾದ ಮೊದಲನೆಯದಾದ್ದರಿಂದ ಅದರ ಹೆಸರು ಏಷ್ಯಾ ಎಂದೇ ಆಯಿತು. ಜೀವಮಾನದಲ್ಲಿ ಅವರು ಕಂಡುಹಿಡಿದ ಕ್ಷುದ್ರಗ್ರಹಗಳು ಒಟ್ಟು ಎಂಟು.

ಅವರ ಬಳಿ ಕೆಲಸ ಮಾಡುತ್ತಿದ್ದ ಭಾರತೀಯ ಸಹಾಯಕರಲ್ಲಿ ಅಗ್ರಗಣ್ಯರು ಚಿಂತಾಮಣಿ ರಘುನಾಥಾಚಾರಿ. ದಕ್ಷಿಣ ಆಕಾಶದ ರೆಟಿಕ್ಯುಲಮ್ ಪುಂಜದ ತಾರೆಯೊಂದರ ಬೆಳಕು ಏರಿಳಿಯುತ್ತದೆಂಬುದನ್ನು 1867ರಲ್ಲಿ ಪತ್ತೆ ಮಾಡಿದವರು ಇವರೇ. 1874ರ ಶುಕ್ರ ಸಂಕ್ರಮಣದ ಕುರಿತು ಜನಸಾಮಾನ್ಯರಿಗಾಗಿ ಇವರು ಬರೆದ ಪುಸ್ತಿಕೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಹೊರಬಂದಿತು.

1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಪಾಗ್ಸನ್ ಮಚಲೀಪಟ್ಟಣದಲ್ಲಿ ನೋಡಿದರು. ಸೂರ್ಯನ ಅಂಚಿನ ರೋಹಿತದಲ್ಲಿ ಕಂಡ ಹಳದಿ ಗೆರೆ ಸೋಡಿಯಂನ ಗೆರೆಯೊಂದಿಗೆ ಸರಿಯಾಗಿ ಹೊಂದುವುದಿಲ್ಲವೆಂದು ಅವರು ಗಮನಿಸಿದರು. ಆ ಗೆರೆ ಹೀಲಿಯಂ ಅನಿಲದ್ದೆಂದು ಮುಂದೆ ತಿಳಿಯಿತು. ಸರ್ಕಾರಿ ವರದಿಯಲ್ಲಿ ಅಡಗಿದ ಪಾಗ್ಸನ್ ಅವರ ವೀಕ್ಷಣೆಗೆ ಮಾತ್ರ ತಕ್ಕ ಮನ್ನಣೆ ದೊರೆಯಲಿಲ್ಲ.

ಸಂಸಾರದ ಹೊರೆಯೂ ದೊಡ್ಡದಿತ್ತು. ಹನ್ನೊಂದು ಮಕ್ಕಳ ತಾಯಿಯಾಗಿದ್ದ ಪತ್ನಿ ಎಲಿಜಬೆತ್ 1869ರಲ್ಲಿ ತೀರಿಕೊಂಡರು. ಕ್ಷುದ್ರಗ್ರಹಕ್ಕೆ ಹೆಸರಾಗಿದ್ದ ಮಗಳು ಐಸಿಸ್ 1873ರಿಂದ ತಂದೆಯ ವೀಕ್ಷಣಾಲಯದಲ್ಲಿಯೇ ಸಹಾಯಕಿಯಾದರು, ಮುಂದೆ ಹವಾಮಾನ ವಿಭಾಗದ ಹೊಣೆ ಹೊತ್ತರು. 1886ರಲ್ಲಿ ಪಾಗ್ಸನ್ ಮಗಳ ಹೆಸರನ್ನು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸದಸ್ಯತ್ವಕ್ಕೆ ಸೂಚಿಸಿದರು. ಸೊಸೈಟಿಯ ಸನ್ನದು ಸದಸ್ಯರನ್ನು ಪುಲ್ಲಿಂಗದಲ್ಲಷ್ಟೇ ಉಲ್ಲೇಖಿಸಿದೆ ಎಂಬ ಕಾನೂನು ಅಭಿಪ್ರಾಯದಿಂದಾಗಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಐಸಿಸ್ ಅವರಿಗೆ ಆ ಗೌರವ ಸಂದದ್ದು 1920ರಲ್ಲಿ. ಅದನ್ನು ನೋಡಲು ತಂದೆ ಇರಲಿಲ್ಲ.

ಬೆಳಕು ಬದಲಿಸುವ ತಾರೆಗಳ ಸಮಗ್ರ ಪಟವೊಂದನ್ನು ಸಿದ್ಧಪಡಿಸುವುದು ಪಾಗ್ಸನ್ ಅವರ ಬಹುಕಾಲದ ಹಂಬಲವಾಗಿತ್ತು. ಹಗಲು ಕಡತ, ರಾತ್ರಿ ಆಕಾಶ ಎಂಬಂತೆ ದುಡಿದರೂ ಆ ಪಟ ಮುಗಿಯಲಿಲ್ಲ. ದಕ್ಷಿಣ ಭಾರತದ ಬೆಟ್ಟವೊಂದರ ಮೇಲೆ 20 ಅಂಗುಲದ ದೂರದರ್ಶಕ ಬೇಕೆಂದು 1882ರಲ್ಲಿ ಸಲ್ಲಿಸಿದ ಬೇಡಿಕೆಯೂ ಅವರ ಕಾಲದಲ್ಲಿ ಈಡೇರಲಿಲ್ಲ. 1891ರ ಜೂನ್ ತಿಂಗಳಲ್ಲಿ ಅವರು ಮದರಾಸಿನಲ್ಲಿಯೇ ಕಣ್ಣು ಮುಚ್ಚಿದರು.

ಆದರೆ ಬಿತ್ತಿದ್ದು ವ್ಯರ್ಥವಾಗಲಿಲ್ಲ. ಅವರ ಚಂಚಲ ತಾರೆಗಳ ಟಿಪ್ಪಣಿಗಳು 1908ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದವು. ಬೆಟ್ಟದ ವೀಕ್ಷಣಾಲಯದ ಕನಸು 1899ರಲ್ಲಿ ಕೊಡೈಕೆನಾಲ್‌ನಲ್ಲಿ ರೂಪು ತಳೆಯಿತು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ ತನ್ನ ಮೂಲವನ್ನು ಗುರುತಿಸಿಕೊಳ್ಳುವುದು ಪಾಗ್ಸನ್ ದುಡಿದ ಅದೇ ಮದರಾಸು ವೀಕ್ಷಣಾಲಯದಲ್ಲಿ.

ಇಂದು ಆಕಾಶವನ್ನು 88 ನಕ್ಷತ್ರಪುಂಜಗಳಾಗಿ ವಿಂಗಡಿಸಲಾಗಿದೆ. ಪಟದಲ್ಲಿ ದೊಡ್ಡ ಚುಕ್ಕಿ ಉಜ್ಜ್ವಲ ತಾರೆಯನ್ನೂ ಸಣ್ಣ ಚುಕ್ಕಿ ಮಂದ ತಾರೆಯನ್ನೂ ಸೂಚಿಸುತ್ತದೆ. ಬೀದಿದೀಪಗಳ ನಡುವೆ ಬದುಕುವ ನಗರವಾಸಿಗೆ ಆ ಸಣ್ಣ ಚುಕ್ಕಿಗಳು ಬಹುಪಾಲು ಕಾಣುವುದೇ ಇಲ್ಲ. ಮುಂದಿನ ಬಾರಿ ಊರಿಗೆ ಹೋದಾಗ ಪಟವೊಂದನ್ನು ಜೊತೆಗೊಯ್ದು, ಕತ್ತಲಿಗೆ ಕಣ್ಣು ಹೊಂದುವವರೆಗೆ ಕಾದು ನೋಡಿ. ಎಷ್ಟನೆಯ ದರ್ಜೆಯವರೆಗಿನ ತಾರೆಗಳು ಕಂಡವೆಂದು ಲೆಕ್ಕ ಹಾಕುವಾಗ ನೀವು ಬಳಸುವುದು ಪಾಗ್ಸನ್ ಕೊಟ್ಟ ಅಳತೆಗೋಲನ್ನೇ.