ಸರ್ ಹೈರಮ್ ಮ್ಯಾಕ್ಸಿಮ್

ಈ ಲೇಖನ ಹುಟ್ಟಿದ್ದು ಒಂದು ನಕ್ಷೆಯಿಂದ. ಕಳೆದ ದಸರೆಯ ರಜೆಯಲ್ಲಿ, ಎಂಜಿನಿಯರಿಂಗ್ ಓದುತ್ತಿರುವ ನನ್ನ ಬಾಲ್ಯಸ್ನೇಹಿತನೊಬ್ಬನೂ ನಾನೂ ಸೇರಿ, ಮೊದಲನೆಯ ಮಹಾಯುದ್ಧದ ಕಾಲದ ಸಾಪ್‌ವಿತ್ ಕ್ಯಾಮೆಲ್ ಎಂಬ ಬ್ರಿಟಿಷ್ ಯುದ್ಧವಿಮಾನದ ಪ್ರತಿಕೃತಿಯನ್ನು ಕಂಪ್ಯೂಟರಿನಲ್ಲಿ ರಚಿಸಲು ಹೊರಟೆವು. ವಿಮಾನದ ಒಡಲು ಅವನ ಪಾಲಿಗೆ ಬಂದಿತು. ಅದರ ಮೂತಿಯ ಮೇಲೆ ಜೋಡಿಯಾಗಿ ಕುಳಿತ ಎರಡು ವಿಕರ್ಸ್ ಮೆಷಿನ್ ಗನ್ನುಗಳು ನನ್ನ ಪಾಲಿಗೆ ಬಂದವು. ಇತಿಹಾಸದ ವಿದ್ಯಾರ್ಥಿಗೆ ಯಂತ್ರದ ನಕ್ಷೆ ಓದಲು ಎಲ್ಲಿಂದ ಬಂತು ಎಂದು ವಾಚಕರು ಕೇಳಬಹುದು. ನಮ್ಮ ತಂದೆಯವರು ಲೇತ್ ಕೆಲಸದವರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರಾದರೂ ಎಂಥ ನಕ್ಷೆಯನ್ನಾದರೂ ಓದಬಲ್ಲರು. ನಾನು ಅಕ್ಷರ ಕಲಿತದ್ದು ಶಾಲೆಯಲ್ಲಿ. ಗೆರೆ ಕಲಿತದ್ದು ಅವರ ಬಳಿ.

ನೆಲದ ಮೇಲೆ ಮುಕ್ಕಾಲಿಯಲ್ಲಿಟ್ಟು ಹಾರಿಸುವ ವಿಕರ್ಸ್ ಗನ್ನಿನ ಚಿತ್ರಗಳು ಹಳೆಯ ಸೈನಿಕ ಕೈಪಿಡಿಗಳಲ್ಲಿ ಬೇಕಾದಷ್ಟು ಸಿಕ್ಕಿದವು. ವಿಮಾನದ ಗನ್ನಿನ ಚಿತ್ರಗಳು ಮಾತ್ರ ವಿರಳ. ಅಳತೆ ಬರೆಯದ ಚಿತ್ರಗಳಲ್ಲಿ ನನಗೆ ನೆರವಾದದ್ದು ಅದರ ತೋಟಾ. ತೋಟಾದ ಹಿತ್ತಾಳೆಯ ಕೋಶ 56 ಮಿಲಿಮೀಟರ್ ಉದ್ದವೆಂಬುದು ಖಚಿತವಾದ ಸಂಗತಿ. ಅದನ್ನೇ ಅಳತೆಗೋಲು ಮಾಡಿಕೊಂಡು ಉಳಿದ ಭಾಗಗಳನ್ನು ಲೆಕ್ಕ ಹಾಕಿದೆನು. ಒಂದು ರಾತ್ರಿ ತಂದೆಯವರು ನನ್ನ ಬೆನ್ನ ಹಿಂದೆ ನಿಂತು ತೆರೆಯನ್ನು ನೋಡಿದರು. ನಳಿಗೆಯ ಸುತ್ತಲಿನ ಕವಚ ನೀರು ತುಂಬಿ ತಂಪು ಮಾಡುವುದಕ್ಕಾಗಿ ಇದೆಯಲ್ಲವೇ, ಅದಕ್ಕೆ ಇಷ್ಟೊಂದು ಸೀಳು ಕೊರೆದರೆ ನೀರು ಹೇಗೆ ನಿಂತೀತು ಎಂದು ಅವರಿಗೆ ಸಂಶಯ ಬಂದಿತು. ಉತ್ತರ ನನಗೆ ಗೊತ್ತಿತ್ತು. ಆಕಾಶದಲ್ಲಿ ಗಾಳಿಯೇ ನಳಿಗೆಯನ್ನು ತಣಿಸುತ್ತದೆ, ನೀರು ಬೇಡ. ಆದರೆ ಪ್ರತಿ ಗುಂಡಿಗೂ ನಳಿಗೆ ಹಿಂದಕ್ಕೆ ಸರಿದು ಮುಂದಕ್ಕೆ ಬರುವುದರಿಂದ ಅದರ ಮುಂತುದಿಗೆ ಆಧಾರ ಬೇಕು. ಆ ಆಧಾರಕ್ಕಾಗಿ ಕವಚವನ್ನು ಉಳಿಸಿಕೊಂಡರು. ಹಾಗಾದರೆ ಬಂದೂಕಿನ ಒದೆತದಿಂದಲೇ ಕೆಲಸ ಮಾಡಿಸಿಕೊಳ್ಳುವುದನ್ನು ಮೊದಲು ಕಂಡ ಮೇಸ್ತ್ರಿ ಯಾರು ಎಂದು ಅವರು ಕೇಳಿದರು. ಅದು ನನಗೆ ತಿಳಿದಿರಲಿಲ್ಲ. ಹುಡುಕಿದೆನು, ಸಿಕ್ಕಿದ್ದು ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮನ ಜೀವನ.

ಆತನು ಹುಟ್ಟಿದ್ದು 1840ನೆಯ ಫೆಬ್ರವರಿ 5ರಂದು, ಅಮೆರಿಕದ ಮೇನ್ ಪ್ರಾಂತದ ಸ್ಯಾಂಗರ್‌ವಿಲ್ ಎಂಬ ಹಳ್ಳಿಯಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಗಾಡಿ ಮಾಡುವವನೊಬ್ಬನ ಬಳಿ ಕೆಲಸಕ್ಕೆ ಸೇರಿದನು. ಅನಂತರ ಸೋದರಮಾವನ ಯಂತ್ರಶಾಲೆಯಲ್ಲಿ ದುಡಿದನು. ಉಪಕರಣ ಮಾಡುವುದನ್ನೂ ನಕ್ಷೆ ಬರೆಯುವುದನ್ನೂ ಕಲಿತನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಇದನ್ನು ಓದಿದಾಗ ನನಗೆ ಆತನ ಮೇಲೆ ಒಂದು ಬಗೆಯ ಬಾಂಧವ್ಯವೇ ಹುಟ್ಟಿತೆಂದರೆ ಉತ್ಪ್ರೇಕ್ಷೆಯಲ್ಲ. ಆತನ ಮೊದಲ ಪೇಟೆಂಟು 1866ರಲ್ಲಿ ದೊರೆತದ್ದು. ಅದು ಕೂದಲನ್ನು ಗುಂಗುರು ಮಾಡುವ ಕಬ್ಬಿಣದ ಸಾಧನಕ್ಕೆ! ಅಲ್ಲಿಂದ ಗ್ಯಾಸ್ ದೀಪಗಳಿಗೂ ವಿದ್ಯುದ್ದೀಪಗಳಿಗೂ ಆತನ ಬುದ್ಧಿ ಹರಿಯಿತು. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನಕ್ಕೆ ಬಂದವನು ಯೂರೋಪಿನಲ್ಲಿಯೇ ನಿಂತನು.

ಲಂಡನ್ನಿನ ಹ್ಯಾಟನ್ ಗಾರ್ಡನ್ ಬೀದಿಯಲ್ಲಿ ಆತನೊಂದು ಚಿಕ್ಕ ಕಾರ್ಖಾನೆ ತೆರೆದನು. ಅದುವರೆಗಿನ ಬಹುಗುಂಡಿನ ಬಂದೂಕುಗಳನ್ನು ಕೈಯಿಂದ ಹಿಡಿ ತಿರುಗಿಸಿ ಹಾರಿಸಬೇಕಾಗಿತ್ತು. ಗುಂಡು ಹಾರಿದೊಡನೆ ಭುಜಕ್ಕೆ ಬೀಳುವ ಒದೆತವು ವ್ಯರ್ಥವಾಗುವ ಶಕ್ತಿಯಲ್ಲವೇ ಎಂದು ಮ್ಯಾಕ್ಸಿಮ್ ಯೋಚಿಸಿದನು. ಆ ಶಕ್ತಿಯಿಂದಲೇ ನಳಿಗೆ ಹಿಂದೆ ಸರಿಯಬೇಕು, ಮೊಣಕಾಲಿನಂಥ ಕೀಲು ಮಡಿಯಬೇಕು, ಖಾಲಿ ಕೋಶ ಹೊರಬೀಳಬೇಕು, ಹೊಸ ತೋಟಾ ಒಳಸೇರಬೇಕು. 1884ರಲ್ಲಿ ಆತನು ಇದನ್ನು ಸಾಧಿಸಿ ತೋರಿಸಿದನು. ನಿಮಿಷಕ್ಕೆ ಸುಮಾರು 600 ಗುಂಡು! ದೊಡ್ಡ ದೊಡ್ಡ ಮನೆತನದವರೂ ಸೇನಾಪತಿಗಳೂ ಅದನ್ನು ನೋಡಲು ಬಂದರು.

ಈ ಬಂದೂಕು ಮೊದಲು ಉರಿದದ್ದು ಸಮಾನ ಬಲದವರ ಮೇಲಲ್ಲ. 1893ರಲ್ಲಿ ದಕ್ಷಿಣ ಆಫ್ರಿಕದ ಮಟಬೆಲೆ ಜನರ ಮೇಲೆ, 1898ರಲ್ಲಿ ಸೂಡಾನಿನ ಓಮ್ಡರ್ಮನ್ನಿನಲ್ಲಿ, 1904ರಲ್ಲಿ ಟಿಬೆಟ್ಟಿನಲ್ಲಿ ಬ್ರಿಟಿಷರು ಇದನ್ನು ಬಳಸಿದರು. ಆಳಿಸಿಕೊಂಡ ದೇಶದವನಾದ ನಾನು ಈ ಪುಟಗಳನ್ನು ಓದುವಾಗ, ನಕ್ಷೆಯಲ್ಲಿ ಮೆಚ್ಚಿಕೊಂಡಿದ್ದ ಆ ಕೀಲು ಮತ್ತೆ ಮೊದಲಿನಂತೆ ಕಾಣಿಸಲಿಲ್ಲ.

ಇಷ್ಟರಲ್ಲಿ ಮ್ಯಾಕ್ಸಿಮನಿಗೆ ಬೇರೊಂದು ಹುಚ್ಚು ಹಿಡಿದಿತ್ತು. ಮನುಷ್ಯನು ಹಾರಬೇಕು! ಕೆಂಟ್ ಪ್ರಾಂತದ ಬಾಲ್ಡ್ವಿನ್ಸ್ ಪಾರ್ಕಿನಲ್ಲಿ ಆತನು ಅಪಾರ ಹಣ ಸುರಿದು ಉಗಿಯಿಂದ ನಡೆಯುವ ವಿಮಾನವೊಂದನ್ನು ಕಟ್ಟಿಸಿದನು. ಅದರ ತೂಕ ಸುಮಾರು ಮೂರೂವರೆ ಟನ್, ರೆಕ್ಕೆಯ ಹರವು 104 ಅಡಿ. ಅದು ಓಡಲು 1,800 ಅಡಿಯ ಕಂಬಿ ಹಾಕಿಸಿದನು. ಹೆಚ್ಚು ಮೇಲೇಳದಂತೆ ತಡೆಯಲು ಇಕ್ಕೆಲಗಳಲ್ಲಿಯೂ ಮರದ ತಡೆಕಂಬಿಗಳಿದ್ದವು. 1894ನೆಯ ಜುಲೈ 31ರಂದು ಆ ಯಂತ್ರ ಮೂವರನ್ನು ಹೊತ್ತು ಓಡಿ, ಕಂಬಿಯಿಂದ ಎದ್ದು, ತಡೆಯನ್ನೇ ಮುರಿದುಕೊಂಡಿತು. ಮ್ಯಾಕ್ಸಿಮ್ ಒಡನೆಯೇ ಉಗಿಯನ್ನು ನಿಲ್ಲಿಸಿದನು. ಎತ್ತುವ ಶಕ್ತಿ ಸಾಕಷ್ಟಿತ್ತು. ಗಾಳಿಯಲ್ಲಿ ಅದನ್ನು ಹಿಡಿತದಲ್ಲಿಡುವ ಉಪಾಯವಿರಲಿಲ್ಲ. ಆ ಉಪಾಯವನ್ನು ಸಾಧಿಸಿ 1903ರ ಡಿಸೆಂಬರ್ 17ರಂದು ಹಾರಿದವರು ರೈಟ್ ಸಹೋದರರು. ಮ್ಯಾಕ್ಸಿಮನ ಪಾಲಿಗೆ ಉಳಿದದ್ದು, ಮಕ್ಕಳನ್ನು ಕೂರಿಸಿ ಗರಗರನೆ ತಿರುಗಿಸುವ ಜಾತ್ರೆಯ ಹಾರುಯಂತ್ರ. 1904ರಲ್ಲಿ ಆತನು ಬ್ಲ್ಯಾಕ್‌ಪೂಲಿನಲ್ಲಿ ನಿಲ್ಲಿಸಿದ ಅದು ನೂರು ವರ್ಷ ದಾಟಿಯೂ ತಿರುಗಿತು.

ಗೌರವಕ್ಕೇನೂ ಕೊರತೆಯಾಗಲಿಲ್ಲ. 1897ರಲ್ಲಿ ಆತನ ಕಂಪನಿ ವಿಕರ್ಸ್ ಕಂಪನಿಯಲ್ಲಿ ಕೂಡಿಕೊಂಡಿತು. 1900ರಲ್ಲಿ ಆತನು ಬ್ರಿಟಿಷ್ ಪ್ರಜೆಯಾದನು. 1901ರಲ್ಲಿ ಸರ್ ಪದವಿ ಬಂದಿತು. ವರ್ಷಾನುಗಟ್ಟಲೆ ಬಂದೂಕಿನ ಸದ್ದಿನಲ್ಲಿ ಬಾಳಿದ ಆತನ ಕಿವಿ ಕೆಟ್ಟಿತು. ಎದೆಯ ಕಫದಿಂದ ನರಳುತ್ತಿದ್ದವನು ಔಷಧದ ಆವಿ ಸೇದುವ ಸಾಧನವೊಂದನ್ನು ರಚಿಸಿದಾಗ, ಇದು ನಾಟಿವೈದ್ಯದ ಮೋಸ, ಇಂಥವನ ಕೀರ್ತಿಗೆ ತಕ್ಕುದಲ್ಲವೆಂದು ಜನ ಹಳಿದರು. ಕೊಲ್ಲುವ ಯಂತ್ರಕ್ಕೆ ಮನ್ನಣೆ, ನೋವು ಕಳೆಯುವ ಯಂತ್ರಕ್ಕೆ ನಿಂದೆ ಎಂದು ಆತನು 1915ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಕಹಿಯಾಗಿ ನಕ್ಕಿದ್ದಾನೆ.

ಆ ವೇಳೆಗೆ ಮಹಾಯುದ್ಧ ನಡೆದಿತ್ತು. ಬ್ರಿಟಿಷರ ವಿಕರ್ಸ್ ಗನ್ನು ಮ್ಯಾಕ್ಸಿಮನ ಯಂತ್ರವೇ. ಕೀಲನ್ನು ಮೇಲ್ಮುಖವಾಗಿ ಮಡಿಯುವಂತೆ ತಿರುಗಿಸಿ ಹಗುರ ಮಾಡಿದ್ದರು, ಅಷ್ಟೇ. ಜರ್ಮನರು ಸ್ಪಾಂಡೌ ಕಾರ್ಖಾನೆಯಲ್ಲಿ ಮಾಡಿದ್ದೂ ಮ್ಯಾಕ್ಸಿಮನ ಯಂತ್ರವೇ. 1916ರ ಜುಲೈ 1ರಂದು ಸೊಮ್ ರಣರಂಗದಲ್ಲಿ, ಜರ್ಮನರ ತೋಪು ಮತ್ತು ಮೆಷಿನ್ ಗನ್ನುಗಳ ಎದುರಿಗೆ ನಡೆದು, ಒಂದೇ ದಿನದಲ್ಲಿ 19,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಮಡಿದರು. ಸೊಮ್ ಕದನ ನವೆಂಬರ್ 18ರಂದು ನಿಂತಿತು. ಆರು ದಿನಗಳ ಮೇಲೆ, ನವೆಂಬರ್ 24ರಂದು, ಮ್ಯಾಕ್ಸಿಮ್ ಲಂಡನ್ನಿನಲ್ಲಿ ತೀರಿಕೊಂಡನು. ಮರುವರ್ಷ ಕ್ಯಾಮೆಲ್ ವಿಮಾನವೂ ಜರ್ಮನರ ಮೂರು ರೆಕ್ಕೆಯ ಫಾಕರ್ ವಿಮಾನವೂ ಆಕಾಶದಲ್ಲಿ ಎದುರಾದಾಗ, ಎರಡರ ಮೂತಿಯ ಮೇಲೂ ಜೋಡಿಯಾಗಿ ಕುಳಿತಿದ್ದವು ಆತನ ಬಂದೂಕಿನ ಮಕ್ಕಳೇ. ತಿರುಗುವ ಪಂಖದ ಅಲಗು ಎದುರಿಗಿರುವಾಗ ಗುಂಡು ಹಾರದಂತೆ ಎಂಜಿನ್ನಿಗೂ ಗನ್ನಿಗೂ ಹೊಂದಿಕೆ ಮಾಡಿದ್ದರು. ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಓಡಿಸಿದ್ದೂ ಮೆಷಿನ್ ಗನ್ನುಗಳ ಎದುರಿಗೇ.

ಈ ಕಥೆಯನ್ನೆಲ್ಲ ಒಂದು ರಾತ್ರಿ ಊಟವಾದ ಮೇಲೆ ತಂದೆಯವರಿಗೆ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಮೂವತ್ತು ವರ್ಷದಲ್ಲಿ ತಾವು ಲೇತಿನ ಮೇಲೆ ಕಡೆದುಕೊಟ್ಟ ಸಾಮಾನುಗಳಲ್ಲಿ ಎಷ್ಟೋ ಯಾವ ಯಂತ್ರಕ್ಕೆ ಹೋದವೋ ತಮಗೆ ತಿಳಿಯದೆಂದರು. ನಕ್ಷೆಯಲ್ಲಿ ಅಳತೆ ಇರುತ್ತದೆ, ಅದಷ್ಟೇ ಇರುತ್ತದೆ. ಕೇಳಿದರೆ ಕೆಲಸ ಬೇರೆಯವನಿಗೆ ಹೋಗುತ್ತದೆ. ಮಕ್ಕಳ ಫೀಸು ಕಟ್ಟಬೇಕಿತ್ತು, ಕೇಳಲಿಲ್ಲ ಎಂದರು. ಅವರ ಮಾತಿನಲ್ಲಿ ದುಃಖವಿರಲಿಲ್ಲ. ಆದರೆ ಆ ಫೀಸು ನನ್ನದೇ ಆಗಿತ್ತು.

ಮ್ಯಾಕ್ಸಿಮನಿಗೆ ಅಂಥ ಬಡತನದ ನೆವವಿರಲಿಲ್ಲ. ತನ್ನ ಯಂತ್ರ ಎಲ್ಲಿಗೆ ಹೋಗುತ್ತದೆಂಬುದನ್ನು ಬಲ್ಲವನಾಗಿಯೇ ಮಾರಿದನು. ಆತನನ್ನು ತೂಗಿ ನೋಡುವಷ್ಟು ದೊಡ್ಡವನು ನಾನಲ್ಲ. ಆದರೆ ನಮ್ಮ ಮನೆಯಲ್ಲಿ ಮೊದಲ ಸಲ ಒಬ್ಬನು ಪದವೀಧರನಾಗುತ್ತಿರುವಾಗ, ನಮ್ಮ ತಂದೆಯವರು ಕೇಳಲಾಗದೆ ಬಿಟ್ಟ ಪ್ರಶ್ನೆಯನ್ನು ಕೇಳುವ ಹೊಣೆ ನನ್ನ ಮೇಲಿದೆ ಎಂದು ಆ ರಾತ್ರಿ ನನಗೆ ಅನ್ನಿಸಿತು.

ಕ್ಯಾಮೆಲ್ ವಿಮಾನದ ಪ್ರತಿಕೃತಿ ಮುಗಿದಿದೆ. ಈಗ ನಾನು 1894ರ ಉಗಿವಿಮಾನವನ್ನು ರಚಿಸುತ್ತಿದ್ದೇನೆ. ತಡೆಕಂಬಿಯ ಅಂತರವನ್ನು ನಾನು ತಪ್ಪಾಗಿ ಹಾಕಿದ್ದೇನೆಂದು ತಂದೆಯವರು ನಿನ್ನೆ ತೋರಿಸಿಕೊಟ್ಟರು.