ಎಪ್ಪತ್ತು ದಿನಗಳ ಇರುಳು, ಒಬ್ಬ ವೈದ್ಯ

ಡಿಸೆಂಬರ್ ತಿಂಗಳ ಕಲಬುರಗಿಯನ್ನು ಬಲ್ಲ ಹೊರಗಿನವರು ಕಡಿಮೆ. ನಮ್ಮ ಊರೆಂದರೆ ಏಪ್ರಿಲ್, ಮೇ ತಿಂಗಳ ಉರಿಬಿಸಿಲು ಎಂದೇ ಎಲ್ಲರ ಎಣಿಕೆ. ಆದರೆ ಇಲ್ಲಿಯವರಿಗೆ ಚಳಿಗಾಲವೇ ಸುಖದ ಕಾಲ. ಅಪ್ಪನ ಕೆರೆಯ ದಂಡೆಯ ಮೇಲೆ ಬೆಳಗಿನ ಏಳು ಗಂಟೆಗೆಲ್ಲ ಎಳೆಬಿಸಿಲು ಹರಡಿರುತ್ತದೆ. ನನ್ನಂಥ ನಿವೃತ್ತರು ಅದಕ್ಕೆ ಬೆನ್ನು ಕೊಟ್ಟು ಕುಳಿತು ಊರ ರಾಜಕಾರಣ ಮಾತಾಡುತ್ತೇವೆ. ವರ್ಷದ ಅತಿ ಚಿಕ್ಕ ಹಗಲಿನಲ್ಲಿಯೂ ಇಲ್ಲಿ ಸೂರ್ಯ 11 ಗಂಟೆಗಳ ಕಾಲ ಇರುತ್ತಾನೆ. ಚಳಿಗಾಲ ಬಂತೆಂದು ಮನುಷ್ಯನ ಮನಸ್ಸು ಮುದುಡಿ ಹಾಸಿಗೆ ಹಿಡಿಯುತ್ತದೆ ಎಂದರೆ ನಂಬುವುದು ನಮಗೆ ಕಷ್ಟ. ನನಗೂ ಕಷ್ಟವಾಗಿತ್ತು.

ಕೆಲವು ವರ್ಷಗಳ ಹಿಂದೆ ನನ್ನ ಮಗಳು ಸಂಶೋಧನೆಗೆಂದು ಸ್ವೀಡನ್ ದೇಶದ ಉತ್ತರ ಭಾಗದ ಉಮಿಯೊ ಪಟ್ಟಣಕ್ಕೆ ಹೋದಳು. ಡಿಸೆಂಬರ್ ಕೊನೆಯಲ್ಲಿ ಅಲ್ಲಿಯ ಹಗಲು ನಾಲ್ಕೂವರೆ ಗಂಟೆಯಷ್ಟು. ಮೊದಲ ಚಳಿಗಾಲವನ್ನು ಅವಳು ಹಿಮದ ಬೆರಗಿನಲ್ಲಿಯೇ ಕಳೆದಳು. ಎರಡನೆಯ ವರ್ಷ ನವೆಂಬರ್ ಬಂದೊಡನೆ ಫೋನು ವಿರಳವಾಯಿತು. ಹತ್ತು ಗಂಟೆ ಮಲಗಿದರೂ ನಿದ್ದೆ ತೀರುವುದಿಲ್ಲ, ಕೆಲಸದ ಮೇಲೆ ಮನಸ್ಸಿಲ್ಲ, ಸಿಹಿ ತಿನ್ನುವುದೊಂದೇ ಬೇಕೆನಿಸುತ್ತದೆ, ಯಾರನ್ನೂ ನೋಡಬೇಕೆನಿಸುವುದಿಲ್ಲ ಎಂದು ಒಂದು ದಿನ ಹೇಳಿಕೊಂಡಳು. ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆ ನನ್ನದು. ಸೋಮಾರಿ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದನ್ನೇ ಅವಳಿಗೂ ಹೇಳಿದೆ: ಬೇಗ ಏಳು, ಮನಸ್ಸು ಗಟ್ಟಿ ಮಾಡಿಕೋ, ನಿನಗೇನು ಕಡಿಮೆಯಾಗಿದೆ. ಅದಾದ ಮೇಲೆ ಎರಡು ವಾರ ಅವಳು ನನ್ನ ಕರೆಯನ್ನು ಸ್ವೀಕರಿಸಲಿಲ್ಲ.

ಆ ಎರಡು ವಾರಗಳಲ್ಲಿ, ಕತ್ತಲು ಮನುಷ್ಯನಿಗೆ ಏನು ಮಾಡುತ್ತದೆಂದು ಹುಡುಕುತ್ತ ಹೋದಾಗ ನನಗೆ ಎದುರಾದವನು ಫ್ರೆಡರಿಕ್ ಕುಕ್ ಎಂಬ ಅಮೆರಿಕದ ವೈದ್ಯ. ಉತ್ತರ ಧ್ರುವವನ್ನು ಮೊದಲು ಮುಟ್ಟಿದವನು ತಾನೆಂದು ಹೇಳಿ ಜಗತ್ತಿನ ನಗೆಪಾಟಲಿಗೆ ಈಡಾದವನೆಂದು ಅವನ ಹೆಸರನ್ನು ಕೆಲವರಾದರೂ ಕೇಳಿರಬಹುದು. ನನ್ನ ಮಟ್ಟಿಗೆ ಅವನು ಬೇರೆ ಕಾರಣಕ್ಕೆ ದೊಡ್ಡವನು.

ಕುಕ್ ಹುಟ್ಟಿದ್ದು 1865ರಲ್ಲಿ, ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಯಲ್ಲಿ. ಜರ್ಮನಿಯಿಂದ ವಲಸೆ ಬಂದಿದ್ದ ತಂದೆಯೂ ವೈದ್ಯ. ಮಗನಿಗೆ ಐದು ವರ್ಷವಾಗಿದ್ದಾಗ ತೀರಿಕೊಂಡ. ಬ್ರೂಕ್ಲಿನ್‌ನಲ್ಲಿ ಹಾಲು ಮಾರಿ, ಆ ದುಡಿಮೆಯಲ್ಲಿಯೇ ಕುಕ್ ವೈದ್ಯಕೀಯ ಓದಿದ. 1890ರಲ್ಲಿ ಪದವಿ ಕೈಗೆ ಬಂದ ವರ್ಷವೇ ಹೆರಿಗೆಯಲ್ಲಿ ಹೆಂಡತಿಯನ್ನೂ ಮಗುವನ್ನೂ ಕಳೆದುಕೊಂಡ. ಮರುವರ್ಷ ರಾಬರ್ಟ್ ಪಿಯರಿ ಎಂಬ ಸಾಹಸಿಯ ತಂಡಕ್ಕೆ ವೈದ್ಯನಾಗಿ ಗ್ರೀನ್‌ಲ್ಯಾಂಡಿಗೆ ಹೊರಟ. ಮನೆ ಖಾಲಿಯಾದವನಿಗೆ ದೂರದ ಮಂಜು ಕರೆದಿದ್ದರೆ ಆಶ್ಚರ್ಯವಿಲ್ಲ. ಅಲ್ಲಿಯ ಮೂಲನಿವಾಸಿಗಳ ನಡುವೆ ಒಂದು ಚಳಿಗಾಲವನ್ನು ಕಳೆದ ಅವನು, ದೀರ್ಘ ಇರುಳಿನಲ್ಲಿ ಅವರ ದೇಹ ಮತ್ತು ಮನಸ್ಸು ಹೇಗೆ ಬದಲಾಗುತ್ತವೆಂಬುದನ್ನು ಬರೆದಿಟ್ಟುಕೊಂಡ.

ಆ ಟಿಪ್ಪಣಿಗಳು ಉಪಯೋಗಕ್ಕೆ ಬಂದದ್ದು ಭೂಮಿಯ ಇನ್ನೊಂದು ತುದಿಯಲ್ಲಿ. 1897ರಲ್ಲಿ ಬೆಲ್ಜಿಕಾ ಎಂಬ ಹಡಗು ಏಡ್ರಿಯನ್ ಡ ಗೆರ್ಲಾಶ್‌ನ ನಾಯಕತ್ವದಲ್ಲಿ ಬೆಲ್ಜಿಯಂನಿಂದ ಅಂಟಾರ್ಕ್ಟಿಕಾದತ್ತ ಹೊರಟಿತು. ಕುಕ್ ಅದನ್ನು ಸೇರಿಕೊಂಡದ್ದು ರಿಯೊ ಡಿ ಜನೈರೊದಲ್ಲಿ. ಮುಂದೆ ದಕ್ಷಿಣ ಧ್ರುವವನ್ನು ಮೊದಲು ತಲುಪಲಿದ್ದ ರೋಆಲ್ಡ್ ಅಮುಂಡ್ಸೆನ್ ಆಗ ಆ ಹಡಗಿನ ಒಬ್ಬ ಯುವ ಅಧಿಕಾರಿ. 1898ರ ಮಾರ್ಚ್‌ನಲ್ಲಿ ಹಡಗು ಮಂಜಿನಲ್ಲಿ ಸಿಕ್ಕಿಕೊಂಡಿತು; ಬಿಡಿಸಿಕೊಳ್ಳಲು ಒಂದು ವರ್ಷ ಬೇಕಾಯಿತು. ಅಂಟಾರ್ಕ್ಟಿಕ್ ವೃತ್ತದೊಳಗೆ ಮನುಷ್ಯರು ಚಳಿಗಾಲ ಕಳೆದದ್ದು ಅದೇ ಮೊದಲು. ಅದಕ್ಕೆ ತಕ್ಕ ಬಟ್ಟೆಯೂ ಎಲ್ಲರಿಗೆ ಇರಲಿಲ್ಲ.

ಮೇ ತಿಂಗಳ ನಡುವೆ ಮುಳುಗಿದ ಸೂರ್ಯ ಮತ್ತೆ ಕಂಡದ್ದು ಜುಲೈ 20 ದಾಟಿದ ಮೇಲೆ. ಆ ಎಪ್ಪತ್ತು ದಿನಗಳ ಇರುಳಿನಲ್ಲಿ ಆ ಚಿಕ್ಕ ಹಡಗಿನೊಳಗೆ ನಡೆದದ್ದನ್ನು ಓದುವಾಗ ನನಗೆ ಮಗಳ ಮಾತುಗಳೇ ಒಂದೊಂದಾಗಿ ನೆನಪಾದವು. ಮೊದಲು ಮಾತು ಕಡಿಮೆಯಾಯಿತು. ಡಬ್ಬಿಯ ಆಹಾರವನ್ನು ಕಂಡರೆ ಹೇಸಿಗೆ ಬಂತು. ನಿದ್ದೆ ಕೆಟ್ಟಿತು, ಮುಖ ಊದಿತು, ನಾಡಿ ಒಮ್ಮೆ ಓಡುತ್ತಿತ್ತು, ಒಮ್ಮೆ ಕುಸಿಯುತ್ತಿತ್ತು. ಪುಸ್ತಕ ಹಿಡಿದವರಿಗೆ ಒಂದು ಪುಟ ದಾಟಲಾಗಲಿಲ್ಲ. ಹೃದಯದ ತೊಂದರೆಯಿದ್ದ ಎಮಿಲ್ ಡ್ಯಾಂಕೊ ಎಂಬ ತರುಣ ವಿಜ್ಞಾನಿ ಜೂನ್ 5ರಂದು ತೀರಿಕೊಂಡ. ಹಡಗಿನ ಬೆಕ್ಕು ಕೂಡ ಯಾರ ಹತ್ತಿರಕ್ಕೂ ಬರದೆ ಮೂಲೆ ಹಿಡಿದು ಅದೇ ತಿಂಗಳು ಸತ್ತಿತು. ನಾವಿಕನೊಬ್ಬನ ಬುದ್ಧಿ ಕದಡಿತು. ಊರಿಗೆ ಮರಳಿದ ಮೇಲೂ ಅವನು ಮೊದಲಿನಂತಾಗಲಿಲ್ಲ.

ಇಲ್ಲಿ ಕುಕ್ ಮಾಡಿದ್ದು ನನ್ನನ್ನು ನಾಚಿಸಿತು. ಯಾರನ್ನೂ ಅವನು ಹೇಡಿ, ಸೋಮಾರಿ ಎನ್ನಲಿಲ್ಲ. ಇದು ದೇಹಕ್ಕೆ ಬಂದ ಕೊರತೆ, ಬೆಳಕಿಲ್ಲದ ಗಿಡ ಬಾಡುವಂತೆ ಇವರು ಬಾಡುತ್ತಿದ್ದಾರೆ ಎಂದು ತಿಳಿದು, ಕೊರತೆಯನ್ನು ತುಂಬಲು ತೊಡಗಿದ. ಬಳಲಿದವರನ್ನು ದಿನಕ್ಕೆ ಒಂದು ಗಂಟೆ ಬಟ್ಟೆ ಕಳಚಿಸಿ ಉರಿಯುವ ಒಲೆಯ ಮುಂದೆ ನಿಲ್ಲಿಸಿದ. ಹಡಗಿನ ಸುತ್ತ ಮಂಜಿನ ಮೇಲೆ ಹಾದಿ ತುಳಿಸಿ ಎಲ್ಲರನ್ನೂ ಸುತ್ತು ಹಾಕಿಸಿದ. ಡಬ್ಬಿಗಳನ್ನು ಬದಿಗಿಟ್ಟು ಪೆಂಗ್ವಿನ್ ಮತ್ತು ಸೀಲ್‌ಗಳ ತಾಜಾ ಮಾಂಸ ತಿನ್ನಲು ಹೇಳಿದ. ನಾಯಕ ಡ ಗೆರ್ಲಾಶ್‌ಗೆ ಆ ಮಾಂಸ ಹೇಸಿಗೆ. ತಾನು ತಿನ್ನದೆ, ಉಳಿದವರಿಗೂ ಬೇಡವೆಂದಿದ್ದ. ಕೊನೆಗೆ ತಾನೇ ಹಾಸಿಗೆ ಹಿಡಿದಾಗ ಒಪ್ಪಿದ. ಉಯಿಲು ಬರೆದಿಟ್ಟು ಸಾವನ್ನು ಕಾಯುತ್ತಿದ್ದ ಕಪ್ತಾನ ಲೆಕ್ವಾಂತ್, ಕುಕ್ ಹೇಳಿದಂತೆ ನಡೆದ ಕೆಲವೇ ದಿನಗಳಲ್ಲಿ ಎದ್ದು ಕುಳಿತ.

ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತು? ತಾಜಾ ಮಾಂಸ ಅವರನ್ನು ಸ್ಕರ್ವಿಯಿಂದ ಉಳಿಸಿತೆಂಬುದರಲ್ಲಿ ಸಂಶಯವಿಲ್ಲ. ಸಿ ಜೀವಸತ್ವ ಗೊತ್ತಾದದ್ದು ಮೂರು ದಶಕಗಳ ಬಳಿಕ. ಒಲೆಯ ಬೆಳಕು ಮಾತ್ರ ಇಂದಿನ ಲೆಕ್ಕಕ್ಕೆ ತೀರ ಮಂದ. ಈಗಿನ ಬೆಳಕಿನ ಚಿಕಿತ್ಸೆಯಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಕೂರಿಸುವುದು ರೂಢಿ. ನಮ್ಮ ಮನೆಯೊಳಗಿನ ದೀಪಗಳು ಕೆಲವು ನೂರು ಲಕ್ಸ್ ದಾಟುವುದಿಲ್ಲ. ಕಲಬುರಗಿಯ ನಡುಹಗಲಿನ ಬಿಸಿಲು ಲಕ್ಷದ ಹತ್ತಿರ ಹೋಗುತ್ತದೆ. ಆ ಒಲೆಯ ಮುಂದೆ ಗುಣ ಕಂಡದ್ದು ಬಹುಶಃ ಬಿಸಿಯಿಂದ, ಮತ್ತು ಒಬ್ಬ ಮನುಷ್ಯ ಇನ್ನೊಬ್ಬನ ಬಳಿ ಕುಳಿತು ದಿನವೂ ನಾಡಿ ಹಿಡಿದು ನೋಡಿದ್ದರಿಂದ ಎಂದು ನನಗನಿಸುತ್ತದೆ. ವೈದ್ಯರು ಒಪ್ಪದಿರಬಹುದು. ಚಳಿಗಾಲದ ಈ ಖಿನ್ನತೆಯನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿ ಹೆಸರಿಟ್ಟದ್ದು 1984ರಲ್ಲಿ, ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು. ದಕ್ಷಿಣ ಆಫ್ರಿಕಾದ ಬಿಸಿಲಿನಿಂದ ನ್ಯೂಯಾರ್ಕಿಗೆ ಬಂದಿದ್ದ ಅವರಿಗೆ ಆ ಮಂಕು ಸ್ವಂತ ಅನುಭವವಾಗಿತ್ತು.

ಸೂರ್ಯ ಮರಳಿದರೂ ಹಡಗು ಬಿಡುಗಡೆಯಾಗಲಿಲ್ಲ. ಎರಡನೆಯ ಇರುಳು ಬಂದರೆ ಉಳಿಯುವವರಿಲ್ಲವೆಂದು ಕುಕ್‌ಗೆ ಗೊತ್ತಿತ್ತು. ಮಂಜನ್ನು ಕೊರೆದು ಕಾಲುವೆ ಮಾಡೋಣವೆಂದು ಅವನು ಹಠ ಹಿಡಿದ. 1899ರ ಆರಂಭದಲ್ಲಿ ವಾರಗಟ್ಟಲೆ ಗರಗಸ ಎಳೆದು ದಾರಿ ಮಾಡಿದರು. ಮಾರ್ಚ್ ನಡುವೆ ಹಡಗು ತೆರೆದ ಕಡಲಿಗೆ ಬಂತು. ದಕ್ಷಿಣಕ್ಕೆ ಹೋದ 19 ಮಂದಿಯಲ್ಲಿ 17 ಮಂದಿ ಉಳಿದರು.

ಮುಂದಿನ ಕಥೆಯನ್ನು ಬರೆಯಲು ಬೇಸರ. 1906ರಲ್ಲಿ ಅಲಾಸ್ಕಾದ ಮೆಕಿನ್ಲಿ ಶಿಖರ ಏರಿದೆನೆಂದ. ಶಿಖರದ ಚಿತ್ರವೆಂದು ತೋರಿಸಿದ್ದು ಬೇರೊಂದು ಗುಡ್ಡದ್ದು. 1908ರ ಏಪ್ರಿಲ್‌ನಲ್ಲಿ ಉತ್ತರ ಧ್ರುವ ಮುಟ್ಟಿದೆನೆಂದು ಮರುವರ್ಷ ಸಾರಿದ. ಅದೇ ವಾರ ಹಳೆಯ ಸಂಗಾತಿ ಪಿಯರಿಯೂ ತಾನು ಮುಟ್ಟಿದೆನೆಂದ. ಕೋಪನ್‌ಹೇಗನ್ ವಿಶ್ವವಿದ್ಯಾಲಯ ಕುಕ್‌ನ ದಾಖಲೆಗಳಲ್ಲಿ ಪುರಾವೆಯಿಲ್ಲವೆಂದಿತು. 1923ರಲ್ಲಿ ಟೆಕ್ಸಸ್‌ನ ಎಣ್ಣೆ ವ್ಯವಹಾರವೊಂದರಲ್ಲಿ ವಂಚನೆಯ ಅಪರಾಧ ಸಾಬೀತಾಗಿ ಹದಿನಾಲ್ಕು ವರ್ಷ ಮೀರಿದ ಸೆರೆಮನೆ ಶಿಕ್ಷೆಯಾಯಿತು. 1926ರಲ್ಲಿ ಅಮುಂಡ್ಸೆನ್ ಲೆವನ್‌ವರ್ತ್ ಸೆರೆಮನೆಗೇ ಹೋಗಿ ಅವನನ್ನು ಕಂಡುಬಂದ. ಮೋಸಗಾರನನ್ನು ನೋಡಲು ಹೋದನೆಂದು ಪತ್ರಿಕೆಗಳು ಹಂಗಿಸಿದರೂ ಅಮುಂಡ್ಸೆನ್ ಹಿಂಜರಿಯಲಿಲ್ಲ. ಬೆಲ್ಜಿಕಾದ ಮಂದಿ ಬದುಕಿ ಬಂದದ್ದಕ್ಕೆ ಕುಕ್ ಕಾರಣವೆಂಬ ನಂಬಿಕೆಯನ್ನು ಬಿಡಲಿಲ್ಲ. 1930ರಲ್ಲಿ ಸೆರೆಯಿಂದ ಹೊರಬಂದ ಕುಕ್‌ಗೆ 1940ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕ್ಷಮಾದಾನ ಕೊಟ್ಟರು. ಅದೇ ಆಗಸ್ಟ್ 5ರಂದು ಅವನು ತೀರಿಕೊಂಡ. ಸುಳ್ಳು ಹೇಳಿದವನ ಮಾತನ್ನು ನಂಬಬಹುದೇ ಎಂದು ನಾನೂ ಯೋಚಿಸಿದ್ದುಂಟು. ಧ್ರುವದ ಬಗ್ಗೆ ಅವನ ಮಾತಿಗೆ ಪುರಾವೆಯಿಲ್ಲ. ಬೆಲ್ಜಿಕಾದ ಬಗ್ಗೆ ಹಾಗಲ್ಲ, ಅವನಿಂದ ಗುಣವಾದವರೇ ಬರೆದಿಟ್ಟಿದ್ದಾರೆ.

ಮಗಳಿಗೆ ನಾನು ಪತ್ರ ಬರೆದೆ, ಉಪದೇಶವಿಲ್ಲದೆ. ಕುಕ್‌ನ ಕಥೆ ಬರೆದು, ಕ್ಷಮಿಸು ಎಂದಷ್ಟೇ ಸೇರಿಸಿದೆ. ಅವಳು ವೈದ್ಯರನ್ನು ಆಗಲೇ ಕಂಡಿದ್ದಳು. ಮುಂಜಾನೆ ಎದ್ದು ದೀಪದ ಮುಂದೆ ಕುಳಿತುಕೊಳ್ಳುತ್ತಿದ್ದಳು. ಅವಳ ಊರಿನಲ್ಲಿ 2012ರ ಚಳಿಗಾಲದಲ್ಲಿ ಬಸ್ ನಿಲ್ದಾಣಗಳಲ್ಲಿ ಜಾಹೀರಾತಿನ ಜಾಗಕ್ಕೆ ಇಂಥ ಪ್ರಖರ ದೀಪಗಳನ್ನೇ ಇಟ್ಟಿದ್ದರೆಂಬ ಸಂಗತಿಯನ್ನು ನನಗೆ ತಿಳಿಸಿದವಳೂ ಅವಳೇ.

ಆ ವರ್ಷ ಎಳ್ಳಮಾವಾಸ್ಯೆಗೆ ನಾವು ಎಂದಿನಂತೆ ಕಮಲಾಪುರದ ಹೊಲಕ್ಕೆ ಹೋದೆವು. ಕಲಬುರಗಿಯಿಂದ ಬೀದರ್ ರಸ್ತೆಯಲ್ಲಿ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ನಮ್ಮದು ಮಾತ್ರ ಜೋಳ, ತೊಗರಿಯ ಹೊಲ. ವರ್ಷದ ಅತಿ ಚಿಕ್ಕ ಹಗಲಿನ ಆಸುಪಾಸಿನಲ್ಲಿಯೇ ಬರುವ ಈ ಹಬ್ಬದಂದು ನಮ್ಮ ಕಡೆಯವರು ಮನೆಯೊಳಗೆ ಊಟ ಮಾಡುವುದಿಲ್ಲ. ಸಜ್ಜೆ ರೊಟ್ಟಿ, ಹತ್ತಾರು ಸೊಪ್ಪು ಕಾಳುಗಳ ಭಜ್ಜಿ, ಕಡಬು ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು, ಹೊಲಕ್ಕೆ ಚರಗ ಚೆಲ್ಲಿ, ಬಯಲಿನಲ್ಲಿ ಕುಳಿತು ಉಣ್ಣುತ್ತಾರೆ. ನಾನು ಅವಳಿಗೆ ವಿಡಿಯೊ ಕರೆ ಮಾಡಿದೆ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಅವಳ ಮುಖದ ಮೇಲೆ ದೀಪದ ಬಿಳಿ ಬೆಳಕಿತ್ತು. ಬಾಯ್ತುಂಬ ಏನೋ ಹೇಳಹೊರಟ ನನ್ನನ್ನು ತಡೆದು, ಫೋನನ್ನು ನಿಮ್ಮ ಮುಖದಿಂದ ಹೊಲದ ಕಡೆಗೆ ತಿರುಗಿಸಿ ಎಂದಳು. ಚಾರ್ಜು ಮುಗಿಯುವವರೆಗೂ ನಾನು ಅದನ್ನು ಹಾಗೆಯೇ ಜೋಳದ ತೆನೆಗಳತ್ತ ಹಿಡಿದು ಕುಳಿತಿದ್ದೆ.